ಬೆಂಗಳೂರಿನ ಬಾಲ್ಕನಿಗೆ ಪೈನ್ ಪೆಟ್ಟಿಗೆ ಯಾಕೆ?

ನಾನಿರುವ ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಹಿತ್ತಲ ತರಕಾರಿ ಅಂದರೆ ಹೆಚ್ಚಾಗಿ ಮರದ ಪೆಟ್ಟಿಗೆಯಲ್ಲೇ. ಒಂದಡಿ ಎತ್ತರದ ಚೌಕಟ್ಟು, ತಳ ಇಲ್ಲ, ಒಳಗೆ ಮಣ್ಣು ಗೊಬ್ಬರ. ಹಲಗೆ ಸಾಮಾನ್ಯವಾಗಿ ವೆಸ್ಟರ್ನ್ ರೆಡ್ ಸೀಡರಿನದು, ಈ ಸೀಮೆಯ ಕಾಡಿನದೇ ಮರ. ಚಳಿಗಾಲವಿಡೀ ಜಿಟಿಜಿಟಿ ಮಳೆ ಹಿಡಿಯುವ ಊರಲ್ಲಿ ಮರಕ್ಕೆ ಶತ್ರು ಶಿಲೀಂಧ್ರ. ಸೀಡರಿನ ಚೇಗಿನಲ್ಲಿ, ಅಂದರೆ ಕಾಂಡದ ಒಳಗಿನ ಗಟ್ಟಿ ತಿರುಳಿನಲ್ಲಿ, ಅದನ್ನು ತಡೆಯುವ ಸತ್ವ ಹುಟ್ಟಿನಿಂದಲೇ ಇದೆ.

ಮಲೆನಾಡಿನ ಸಾಗರದಲ್ಲಿರುವ ಅಣ್ಣನಿಗೆ ಫೋಟೋ ಕಳಿಸಿದೆ. "ಮರಾನ ಮಣ್ಣಿಗೆ ತಾಗ್ಸಿ ಇಟ್ಟಿದೀಯಲ್ಲ ಮಾರಾಯ, ಗೆದ್ದಲಿಗೆ ಹಬ್ಬ!" ಅಂದ. ಅವನು ಹೇಳಿದ್ದು ಅವನೂರಿಗೆ ಸರಿ. ಅಲ್ಲಿ ಹೂವಿನ ಪಾತಿಗೆ ಜಂಬಿಟ್ಟಿಗೆ ಕಟ್ಟುತ್ತಾರೆ. ಕಡಿಯುವಾಗ ಮೆತ್ತಗಿದ್ದು, ಗಾಳಿ ಬಿಸಿಲಿಗೆ ಗಟ್ಟಿಯಾಗುವ ಕಲ್ಲು. ಗೆದ್ದಲು ಅದನ್ನೇನು ಮಾಡೀತು? ಅಡಿಕೆ ದಬ್ಬೆ ಬಳಸುವವರೂ ಇದ್ದಾರೆ, ಆದರೆ ಅದು ಬಾಳುವುದಿಲ್ಲ ಎಂದು ಗೊತ್ತಿದ್ದೇ ಬಳಸುತ್ತಾರೆ. ಹಾಳಾದರೆ ತೋಟದಲ್ಲಿ ಇನ್ನೊಂದು ಮರ ಇದ್ದೇ ಇದೆ.

ಸೀಡರ್ ಹಲಗೆಗೆ ಬರೀ ಕಬ್ಬಿಣದ ಮೊಳೆ ಹೊಡೆದರೆ ಮಳೆಗೆ ಮೊಳೆಯ ಸುತ್ತ ಕಪ್ಪು ಗೆರೆ ಇಳಿಯುತ್ತದೆ. ಹಸಿ ಅಡಿಕೆ ಸುಲಿಯುವ ಮೆಟ್ಟುಗತ್ತಿ ಚೊಗರಿಗೆ ಕಪ್ಪಾಗುತ್ತದಲ್ಲ, ಅದೇ ಕಥೆ. ಸ್ಟೇನ್‌ಲೆಸ್ ಸ್ಕ್ರೂ ದುಬಾರಿಯಾದರೂ ಅದೇ ಸರಿ. ಹಲಗೆಯಲ್ಲೂ ಜಿಪುಣತನ ಬೇಡ. ಅಂಗಡಿಯವರು ಎರಡು ಇಂಚು ಅನ್ನುವುದು ಅಳೆದರೆ ಒಂದೂವರೆ. ಅದಕ್ಕಿಂತ ತೆಳ್ಳಗಿನದು ಮಣ್ಣಿನ ಒತ್ತಡಕ್ಕೆ ಹೊಟ್ಟೆ ಉಬ್ಬಿಸಿಕೊಳ್ಳುತ್ತದೆ.

ಹಳೇ ಡೆಕ್ (ಮನೆಗೆ ಹೊಂದಿಸಿದ ಮರದ ಜಗಲಿ) ಕಿತ್ತ ಹಲಗೆ ಪುಕ್ಕಟೆ ಸಿಗುತ್ತದೆಂದು ತರುವವರಿಗೆ ಮಾತ್ರ ನನ್ನದು ಖಡಾಖಂಡಿತ ಬೇಡ. ಅಮೆರಿಕದಲ್ಲಿ 2003ರ ಕೊನೆಯವರೆಗೂ ಮನೆಬಳಕೆಯ ಮರಕ್ಕೆ ಕ್ರೋಮಿಯಂ, ತಾಮ್ರ, ಆರ್ಸೆನಿಕ್ ಸೇರಿದ ಔಷಧ ಹತ್ತಿಸುತ್ತಿದ್ದರು. ಈಗಿನದು ಹೆಚ್ಚಾಗಿ ತಾಮ್ರದ್ದು. ಹಳೆಯದರಲ್ಲಿ ಯಾವುದಿದೆ ಎಂದು ನೋಡಿ ಹೇಳುವುದು ಕಷ್ಟ. ಕ್ರಿಯೋಸೋಟ್ ಎಂಬ ಟಾರಿನ ಎಣ್ಣೆ ಕುಡಿದ ರೈಲ್ವೆ ಸ್ಲೀಪರ್ ಅಂತೂ ಸೊಪ್ಪಿನ ಹತ್ತಿರವೂ ಬರಬಾರದು.

ನನ್ನ ತಕರಾರು ಇರುವುದು ಬೆಂಗಳೂರಿನ ನಂಟರ ಹತ್ತಿರ. ಇಲ್ಲಿಯ ಚಿತ್ರ ನೋಡಿ ಅವರೂ ಮರದ ಪೆಟ್ಟಿಗೆ ತರಿಸುತ್ತಾರೆ, ಅದೂ ಪೈನ್. ಚೆಂದಕ್ಕೇನೂ ಕೊರತೆಯಿಲ್ಲ. ಆದರೆ ಪೈನಿಗೆ ಸೀಡರಿನ ಆ ಗುಣ ಇಲ್ಲ. ನೆಲಮಹಡಿಯಲ್ಲಿ ಗೆದ್ದಲು, ಹತ್ತನೇ ಮಹಡಿಯಲ್ಲಿ ಮಳೆ, ಎರಡರಲ್ಲೊಂದು ಅದನ್ನು ಮುಗಿಸುತ್ತದೆ. ನೆಲವಿದ್ದವರು ಇಟ್ಟಿಗೆಯಲ್ಲೋ ಸೈಜುಗಲ್ಲಿನಲ್ಲೋ ಪಾತಿ ಕಟ್ಟಿಕೊಳ್ಳಲಿ. ತಾರಸಿಯವರಿಗೆ ಕಲ್ಲಿನ ಭಾರ ಬೇಡ, ಮಣ್ಣಿನದೇ ಸಾಕಷ್ಟಿದೆ. ಒದ್ದೆ ಮಣ್ಣು ಒಂದು ಘನ ಅಡಿಗೆ ಸುಮಾರು 45–50 ಕಿಲೋ. ನಾಲ್ಕಡಿ ಉದ್ದ, ಎರಡಡಿ ಅಗಲ, ಒಂದಡಿ ಎತ್ತರ ತುಂಬಿಸಿದರೆ 400 ಕಿಲೋ ಹತ್ತಿರ ಬಂತು. ಅದಕ್ಕೇ ಗಿಡ ಬೆಳೆಸುವ ಚೀಲ ಗ್ರೋಬ್ಯಾಗು, ತೆಂಗಿನ ನಾರಿನ ಹಗುರ ಪುಡಿ ಕೋಕೋಪೀಟು. ನೋಟಕ್ಕೆ ಏನೂ ಅಲ್ಲ, ಒಪ್ಪುತ್ತೇನೆ. ಬೆಂಡೆಗಿಡ ಚೀಲದ ಬಣ್ಣ ಕೇಳುವುದಿಲ್ಲ.