ಹಸಿರು ಪ್ಲೇಟ್ ಇದ್ದರೆ ಸಾಕು, ಬಾಡಿಗೆಗೆ ಓಡಿಸಬಹುದು ಅನ್ನೋದು ತಪ್ಪು

ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ಟ್ಯಾಕ್ಸಿ ಚಾಲಕರ ವಾಟ್ಸಾಪ್‌ನಲ್ಲಿ ಒಂದು ಸಂದೇಶ ಓಡಾಡುತ್ತಿದೆ. ಪೆಟ್ರೋಲ್ ಕಾರು ಮಾರಿ ಎಲೆಕ್ಟ್ರಿಕ್ ತಗೊಳ್ಳಿ, ಅದರ ಹಸಿರು ನಂಬರ್ ಪ್ಲೇಟಿಗೆ ಪರ್ಮಿಟ್ (ಬಾಡಿಗೆ ಓಡಿಸಲು ಸರ್ಕಾರ ಕೊಡುವ ಪರವಾನಗಿ) ಬೇಡ, ಫಿಟ್‌ನೆಸ್ (ಗಾಡಿ ಓಡಿಸಲು ಯೋಗ್ಯವಾಗಿದೆ ಅನ್ನೋ ಸರ್ಟಿಫಿಕೇಟ್) ಬೇಡ, ಸ್ವಂತಕ್ಕೆ ತಗೊಂಡ ಕಾರನ್ನೇ ಆ್ಯಪ್‌ಗೆ ಸೇರಿಸಿ ಓಡಿಸಬಹುದು ಅಂತ.

ಇದರಲ್ಲಿ ಪರ್ಮಿಟ್ ಮಾತು ಮಾತ್ರ ನಿಜ. 2018ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಬ್ಯಾಟರಿಯಲ್ಲಿ ಓಡುವ ಬಾಡಿಗೆ ವಾಹನಗಳಿಗೆ ಪರ್ಮಿಟ್‌ನಿಂದ ವಿನಾಯಿತಿ ಕೊಟ್ಟಿತು. ಉಳಿದದ್ದೆಲ್ಲ ಯಾರೋ ಸೇರಿಸಿದ್ದು.

ಪ್ಲೇಟನ್ನೇ ಸ್ವಲ್ಪ ಹತ್ತಿರದಿಂದ ನೋಡಿ. ಹಸಿರಿನ ಮೇಲೆ ಬಿಳಿ ಅಕ್ಷರ ಇದ್ದರೆ ಅದು ಸ್ವಂತ ಬಳಕೆಯ ಕಾರು, ಹಳದಿ ಅಕ್ಷರ ಇದ್ದರೆ ಬಾಡಿಗೆಯದು. ಎರಡೂ ಬೇರೆ ಬೇರೆ ನೋಂದಣಿ. ಬಾಡಿಗೆ ಕಾರಿಗೆ ಫಿಟ್‌ನೆಸ್ ಬೇಕೇ ಬೇಕು, ಎಂಟು ವರ್ಷ ಆಗುವ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ.

ನನಗೆ ಜಾಸ್ತಿ ಚಿಂತೆ ಇನ್ಶೂರೆನ್ಸ್‌ದು. ಉಪ್ಪಳದಿಂದ ರೋಗಿಯನ್ನು ಕೂರಿಸಿಕೊಂಡು ತಲಪಾಡಿ ದಾಟಿ ಮಂಗಳೂರಿನ ಆಸ್ಪತ್ರೆಗೆ ಹೋಗುವಾಗ ಏನಾದರೂ ಆಯಿತು ಅಂದುಕೊಳ್ಳಿ, ಸ್ವಂತ ಬಳಕೆಯ ಪಾಲಿಸಿಯಲ್ಲಿ ಬಾಡಿಗೆ ಓಡಿಸಬಾರದು ಅಂತ ಬರೆದೇ ಇರುತ್ತದೆ, ಕಂಪನಿ ಗಾಡಿಯ ರಿಪೇರಿ ದುಡ್ಡು ಕೊಡದೇ ಇರಬಹುದು. ಸಾಲದ ಕಂತು ಮಾತ್ರ ನಿಲ್ಲಲ್ಲ ಅಲ್ವಾ?

ಎಲೆಕ್ಟ್ರಿಕ್‌ಗೆ ಬದಲಾಗುವುದು ಬೇಡ ಅಂತ ಹೇಳುತ್ತಿಲ್ಲ, ಖಂಡಿತ ಬದಲಾಗಿ. ಆದರೆ ಅಣ್ಣಂದಿರೇ, ಬುಕ್ ಮಾಡುವಾಗಲೇ ಶೋರೂಮಿನವರಿಗೆ ಟ್ಯಾಕ್ಸಿ ನೋಂದಣಿ ಬೇಕು ಅಂತ ಹೇಳಿ, ಆರ್‌ಸಿ (ನೋಂದಣಿ ಪತ್ರ) ಕೈಗೆ ಬಂದಾಗ ಹಾಗೇ ನೋಂದಣಿ ಆಗಿದೆಯಾ ಅಂತ ಅದನ್ನು ಓದಿ ನೋಡಿ.