‘ಆಕ್ಸಿಡೆಂಟ್’ ಬಿಟ್ಟಿದ್ದೀರಲ್ಲ!

ನೀವು ಕೊಟ್ಟ ಕನ್ನಡದ ಕಲ್ಟ್ ಸಿನಿಮಾಗಳ, ಅಂದರೆ ವರ್ಷಗಳು ಕಳೆದರೂ ಅಭಿಮಾನಿಗಳು ಬಿಡದ ಸಿನಿಮಾಗಳ, ಪಟ್ಟಿ ಚೆನ್ನಾಗಿದೆ. ‘ಓಂ’, ‘ಎ’, ‘ಉಳಿದವರು ಕಂಡಂತೆ’ ಮೂರಕ್ಕೂ ನನ್ನ ಓಟು. ಆದರೆ ಅದರಲ್ಲಿ ಶಂಕರ್ ನಾಗ್ ನಿರ್ದೇಶಿಸಿದ ‘ಆಕ್ಸಿಡೆಂಟ್’ (1985) ಕಾಣಲಿಲ್ಲ, ಬೇಜಾರಾಯಿತು. ನಶೆಯಲ್ಲಿ ಕಾರು ಓಡಿಸಿದ ರಾಜಕಾರಣಿಯ ಮಗ ಫುಟ್‌ಪಾತ್ ಮೇಲೆ ಮಲಗಿದ್ದ ಬಡವರ ಮೇಲೆ ಹತ್ತಿಸಿಬಿಡುತ್ತಾನೆ. ಮಗನನ್ನು ಉಳಿಸಿಕೊಳ್ಳಲು ಅಪ್ಪ ಮಾಡುವ ಕಸರತ್ತು ನೋಡಬೇಕು. ಆ ಅಪ್ಪ ನಮ್ಮ ಅನಂತ್ ನಾಗ್! ಅರಚಾಟವಿಲ್ಲ, ಸುಮ್ನೆ ನಕ್ಕರೂ ಭಯವಾಗುತ್ತದೆ. ಸತ್ಯ ಕೆದಕುವ ಪತ್ರಕರ್ತನಾಗಿ ಅನಂತ್ ಅವರ ತಮ್ಮ ಶಂಕರ್ ಎದುರಿಗೆ. ಹಿನ್ನೆಲೆ ಸಂಗೀತಕ್ಕೆ ಇಳಯರಾಜ. ಇಂಥ ಸುದ್ದಿ ಈಗಲೂ ಪೇಪರಲ್ಲಿ ಬರುತ್ತಲೇ ಇರುತ್ತದೆ, ಅಲ್ವಾ? ನಾನು ಮೊದಲು ನೋಡಿದ್ದು ಟೀವಿಯಲ್ಲಿ, ಅರ್ಧದಲ್ಲಿ ಕರೆಂಟು ಹೋಯಿತು. ಕೊನೆ ಏನಾಯಿತೆಂದು ತಿಳಿಯಲು ಎರಡು ವರ್ಷ ಕಾದೆ. ನೀವು ಕಾಯಬೇಡಿ, ಇವತ್ತೇ ನೋಡಿ.