ಇನ್ನೂ ಎಂತದೂ ಆಗ್ಲಿಲ್ಲ ಅಲ್ವಾ?

ನಮ್ಮ ಮನೆಯಲ್ಲಿ ಸಿನಿಮಾ ಎರಡು ಬಗೆ. ಏನಾದರೂ ಆಗುವ ಸಿನಿಮಾ ಒಂದು, ನಾನು ಆರಿಸಿದ ಸಿನಿಮಾ ಇನ್ನೊಂದು.

ನನ್ನ ರುಚಿಯೇ ಹಾಗೆ. ಹೀರೋ ಒದ್ದ ಏಟಿಗೆ ಜೀಪು ಹಾರುತ್ತಿದ್ದರೆ ನನಗೆ ನಿದ್ದೆ ಬರುತ್ತದೆ. ಅದೇ ಒಬ್ಬ ಮುದುಕ ಸುಮ್ನೆ ಬೀಡಿ ಸೇದುತ್ತಾ ಹೊಲದ ಬದುವಿನಲ್ಲಿ ಹೋಗುತ್ತಿದ್ದರೆ ಕಣ್ಣು ಮಿಟುಕಿಸದೆ ನೋಡುತ್ತೇನೆ. ನನ್ನ ಹೆಂಡತಿಯ ಪ್ರಕಾರ ಇದೊಂದು ಕಾಯಿಲೆ. 'ವಾರವಿಡೀ ಲೋಕಲ್ ಟ್ರೈನಲ್ಲಿ ಡೊಂಬಿವಲಿಯಿಂದ ಮುಂಬೈ ವಿ.ಟಿ.ಗೆ ನಿಂತ್ಕೊಂಡೇ ಹೋಗಿ ಬರ್ತೀರಿ. ಭಾನುವಾರವೂ ಬೇರೆಯವರ ಕಷ್ಟವೇ ನೋಡ್ಬೇಕಾ?' ಎಂದು ಕೇಳುತ್ತಾಳೆ. ನ್ಯಾಯವಾದ ಪ್ರಶ್ನೆಯೇ. ಆದರೂ ರಿಮೋಟ್ ಕೊಡುವುದಿಲ್ಲ.

ಸಾವಿನ ಮನೆಯಲ್ಲಿ ನಗಬಾರದು ಅಂತಾರೆ. ಆದರೆ ನಗು ಬರುವುದು ಅಲ್ಲೇ ಜಾಸ್ತಿ. ಹೆಣ ಅಂಗಳದಲ್ಲಿದ್ದಾಗಲೇ ಒಬ್ಬರಿಗೆ ಕೊನೆಯ ಬಸ್ಸಿನ ಚಿಂತೆ, ಇನ್ನೊಬ್ಬರಿಗೆ ಚಾ ಸಿಗಲಿಲ್ಲ ಎಂಬ ಸಿಟ್ಟು. ಯಾರೂ ತಮಾಷೆ ಮಾಡುತ್ತಿಲ್ಲ, ಎಲ್ಲರೂ ಗಂಭೀರವಾಗಿಯೇ ಇದ್ದಾರೆ. ಒಳ್ಳೆಯ ಡಾರ್ಕ್ ಕಾಮಿಡಿ ಅಂದರೆ ನನ್ನ ಲೆಕ್ಕದಲ್ಲಿ ಇಷ್ಟೇ. ಪಾತ್ರಗಳಿಗೆ ತಾವು ನಗು ಬರಿಸುತ್ತಿದ್ದೇವೆ ಅನ್ನುವುದು ಗೊತ್ತಿರಬಾರದು. ಹೆಣ ಬಿದ್ದ ಕೂಡಲೇ ಹಿಂದಿನಿಂದ 'ಟೊಂಯ್ಯ್' ಅಂತ ಸಂಗೀತ ಬಂತೋ, ಆ ಸಿನಿಮಾ ಅಲ್ಲಿಗೇ ಸತ್ತಂತೆ.

1996ರ 'ಫಾರ್ಗೊ' ನೋಡಿ. ಕೋಯೆನ್ ಸಹೋದರರದ್ದು. ಶುರುವಿನಲ್ಲೇ 'ಇದು ನಿಜವಾಗಿ ನಡೆದ ಕತೆ' ಅಂತ ಪರದೆಯ ಮೇಲೆ ಹಾಕುತ್ತಾರೆ. ಅದೇ ಮೊದಲ ಸುಳ್ಳು. ತುಂಬಿದ ಬಸುರಿ ಪೊಲೀಸ್ ಅಧಿಕಾರಿ ಮಾರ್ಜ್ ಹಿಮದಲ್ಲಿ ಕೊಲೆಗಾರರನ್ನು ಹುಡುಕುತ್ತಾಳೆ, ನಡುನಡುವೆ ಹೊಟ್ಟೆ ತುಂಬಾ ತಿನ್ನುತ್ತಾಳೆ. ಅಷ್ಟೊಂದು ರಕ್ತ ಹರಿದ ಮೇಲೆ ಕೊನೆಯಲ್ಲಿ ಗಂಡ ಹೆಂಡತಿ ಹಾಸಿಗೆಯಲ್ಲಿ ಕೂತು ಮಾತಾಡುವುದು ಯಾವುದರ ಬಗ್ಗೆ? ಗಂಡ ಬರೆದ ಬಾತುಕೋಳಿಯ ಚಿತ್ರ ಮೂರು ಸೆಂಟಿನ ಅಂಚೆಚೀಟಿಗೆ ಆಯ್ಕೆಯಾಯಿತು ಅನ್ನುವುದರ ಬಗ್ಗೆ. ಅವನಿಗೆ ಮೂರೇ ಸೆಂಟಿನದ್ದು ಅಂತ ಬೇಜಾರು. ಅವಳು ಸಮಾಧಾನ ಮಾಡುತ್ತಾಳೆ. ಈ ಒಂದು ದೃಶ್ಯಕ್ಕೆ ನಾನು ಹತ್ತು ಜೀಪು ಕೊಡುತ್ತೇನೆ.

ಮುಂಬೈಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 'ಜಾನೇ ಭೀ ದೋ ಯಾರೋ' ಬಂದಿದ್ದು 1983ರಲ್ಲಿ. ಬಿಲ್ಡರು, ಲಂಚ, ಕುಸಿದ ಫ್ಲೈಓವರು, ನಡುವೆ ಅಲ್ಲಿಂದಿಲ್ಲಿಗೆ ಓಡಾಡುವ ಕಮಿಷನರ್ ಹೆಣ. ಅದರ ಹೆಸರೆತ್ತಿದರೆ ಎಲ್ಲರೂ ಮಹಾಭಾರತ ನಾಟಕದ ದೃಶ್ಯ ನೆನೆಸಿಕೊಂಡು ನಗುತ್ತಾರೆ. ಆದರೆ ಕಡೆಗೆ ಜೈಲಿಗೆ ಹೋಗುವುದು ಆ ಇಬ್ಬರು ಬಡಪಾಯಿ ಫೋಟೋಗ್ರಾಫರುಗಳು. ಅದನ್ನು ಮರೆತು ನಗುವವರು ಅರ್ಧ ಸಿನಿಮಾ ನೋಡಿದ್ದಾರೆ ಅಂತಲೇ ನನ್ನ ಅಭಿಪ್ರಾಯ. ಪುಣೆಯ ನಮ್ಮ ಭಾವ ಇನ್ನೊಂದು ಥರ. ಅವರ ಊರಿನಲ್ಲೇ ನಡೆಯುವ 'ಅಂಧಾಧುನ್' ನೋಡಿದ ಮೇಲೆ ಅವರು ತಲೆ ಕೆಡಿಸಿಕೊಂಡಿದ್ದು ಕೊನೆಗೆ ಆ ಪಿಯಾನೋದವನಿಗೆ ಕಣ್ಣು ಕಾಣುತ್ತಿತ್ತೋ ಇಲ್ಲವೋ ಅನ್ನುವುದಕ್ಕಲ್ಲ. ಕೊಲೆ ನಡೆಯುವ ಆ ಫ್ಲ್ಯಾಟಿಗೆ ಈಗ ರೇಟ್ ಎಷ್ಟಿರಬಹುದು ಅನ್ನುವುದಕ್ಕೆ.

ಇಷ್ಟೆಲ್ಲಾ ಯಾಕೆ ಹೇಳಿದೆ ಅಂದರೆ, ಅತ್ತೆ ಮಾವ ಕುಂದಾಪುರದಿಂದ ಬಂದಿದ್ದಾಗ ಒಂದು ಭಾನುವಾರ ನಾನು 'ತಿಥಿ' ಹಾಕಿದೆ. ನಮ್ಮದೇ ಭಾಷೆಯ ಸಿನಿಮಾ. ನಟಿಸಿದವರು ಮಂಡ್ಯ ಕಡೆಯ ಹಳ್ಳಿಯವರೇ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಗೋಲ್ಡನ್ ಲೆಪರ್ಡ್ ಗೆದ್ದು ಬಂದದ್ದು. ಪ್ರಶಸ್ತಿಯ ವಿಷಯ ಹೇಳಿದಾಗ ಮಾವ ಕನ್ನಡಕ ಒರೆಸಿಕೊಂಡು ನೆಟ್ಟಗೆ ಕೂತರು. ಅತ್ತೆ ಬಂಗುಡೆ ಮೀನಿಗೆ ಮಸಾಲೆ ಹಚ್ಚಿಟ್ಟು ಕೈ ಒರೆಸಿಕೊಂಡು ಬಂದರು.

ನೂರೊಂದು ವರ್ಷದ ಸೆಂಚುರಿ ಗೌಡ ಶುರುವಿನಲ್ಲೇ ಸತ್ತುಹೋಗುತ್ತಾನೆ. ಮಗ ಗಡ್ಡಪ್ಪನಿಗೆ ಅದರ ಗೊಡವೆಯೇ ಇಲ್ಲ, ತನ್ನ ಪಾಡಿಗೆ ಅಲೆಯುತ್ತಾನೆ. ಮೊಮ್ಮಗ ತಮ್ಮಣ್ಣನಿಗೆ ಜಮೀನು ಮಾರಬೇಕು. ಅದಕ್ಕಾಗಿ ಬದುಕಿರುವ ಅಪ್ಪನನ್ನೇ ಸತ್ತಿದ್ದಾನೆಂದು ಕಾಗದ ಮಾಡಿಸುತ್ತಾನೆ.

'ಇನ್ನೂ ಎಂತದೂ ಆಗ್ಲಿಲ್ಲ ಅಲ್ವಾ?' ಅಂದರು ಅತ್ತೆ.

'ಒಬ್ಬರು ಸತ್ತರಲ್ಲ ಅತ್ತೆ.'

'ಅದು ಪ್ರಾಯ ಆಗಿ ಸತ್ತದ್ದು ಮಾರಾಯ್ರೇ. ಅದು ಲೆಕ್ಕಕ್ಕಿಲ್ಲ.'

ಆದರೆ ಗಡ್ಡಪ್ಪ ಕುರಿಗಾಹಿಗಳ ಬೆಂಕಿಯ ಮುಂದೆ ಕೂತು ತನ್ನ ಬದುಕಿನ ಕತೆ ಹೇಳತೊಡಗಿದಾಗ ಅತ್ತೆ ಮಾತಾಡಲಿಲ್ಲ. ಅಲ್ಲಿಯವರೆಗೆ ನಮ್ಮನ್ನು ನಗಿಸಿದ್ದ ಮನುಷ್ಯ ಯಾಕೆ ಹೀಗಾದ ಅನ್ನುವುದು ಅಲ್ಲಿ ಗೊತ್ತಾಗುತ್ತದೆ. ನಕ್ಕಿದ್ದೇ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡರು. ನಾನು ಹೆಂಡತಿಯ ಕಡೆ ಗೆದ್ದವನಂತೆ ನೋಡಿದೆ.

ಸಿನಿಮಾ ಮುಗಿದ ಮೇಲೆ ಅತ್ತೆ ಅದೇ ಕೆಂಪು ಕಣ್ಣಲ್ಲಿ ಒಣಗಿದ ಬಟ್ಟೆ ತೆಗೆಯಲು ಗ್ಯಾಲರಿಗೆ ಹೋದರು. ಪಕ್ಕದ ಮನೆಯ ಕಾಕು, ಅಂದರೆ ಮರಾಠಿ ಚಿಕ್ಕಮ್ಮ, ನೋಡಿ 'ಕಾಯ್ ಝಾಲಂ?', ಏನಾಯ್ತು ಎಂದು ವಿಚಾರಿಸಿದರು. ಅತ್ತೆಗೆ ಬರುವ ಮರಾಠಿ ತರಕಾರಿ ಮಾರ್ಕೆಟ್ಟಿಗೆ ಸಾಕಾಗುವಷ್ಟೇ. ಎರಡು ಗಂಟೆಗೂ ಮೀರಿದ ಸಿನಿಮಾವನ್ನು ಅವರು ಎರಡೇ ಪದದಲ್ಲಿ ಹೇಳಿದರು: 'ಆಜೋಬಾ ಗೇಲೇ.' ಅಜ್ಜ ಹೋದರು.

ಅರ್ಧ ಗಂಟೆಯಲ್ಲಿ ಬೆಲ್ ಆಯಿತು. ಕಾಕು ನಿಂತಿದ್ದರು, ಕೈಯಲ್ಲಿ ದೊಡ್ಡ ಸ್ಟೀಲ್ ಡಬ್ಬಿ. ಒಳಗೆ ಬಿಸಿ ಬಿಸಿ ಪಿಠ್ಲ-ಭಾಕರಿ. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಅಕ್ಕಪಕ್ಕದವರೇ ಊಟ ತಂದುಕೊಡುತ್ತಾರೆ. ಇಲ್ಲಿಯ ಪದ್ಧತಿ ಅದು. ಕಾಕು ನನ್ನ ಹೆಂಡತಿಯನ್ನು ತಬ್ಬಿಕೊಂಡು ಬೆನ್ನು ಸವರಿದರು. ನನ್ನ ಫೋನು ಟಿಂಗ್ ಅಂತು. ಸೊಸೈಟಿಯ ಗ್ರೂಪಿನಲ್ಲಿ ದೀಪದ ಚಿತ್ರ, ಕೆಳಗೆ 'ಭಾವಪೂರ್ಣ ಶ್ರದ್ಧಾಂಜಲಿ'. ಅದರ ಬೆನ್ನಿಗೇ ಸಂಜೆಯ ಹೌಸಿ ಆಟ ರದ್ದು ಅನ್ನುವ ಸಂದೇಶ. ಅದರ ಕೆಳಗೆ ಮೂರನೇ ಮಹಡಿಯವರದ್ದು: 'ಟಿಕೆಟ್ ದುಡ್ಡು ವಾಪಸ್ ಸಿಗುತ್ತಾ?'

ನಾನು ಬಾಯಿ ತೆರೆದೆ. ಹೆಂಡತಿ ಕಾಕುವಿನ ಹೆಗಲ ಮೇಲಿಂದ ಕಣ್ಣಲ್ಲೇ ಗದರಿದಳು. ಅವಳದ್ದೂ ಸರಿಯೇ. ಅಷ್ಟು ಪ್ರೀತಿಯಿಂದ ತಂದವರಿಗೆ 'ಸತ್ತದ್ದು ಟಿ.ವಿ.ಯಲ್ಲಿ' ಅಂತ ಹೇಗೆ ಹೇಳುವುದು?

ಸಂಜೆ ಸೊಸೈಟಿ ಸೆಕ್ರೆಟರಿ ಬಂದು ಚಪ್ಪಲಿ ಬಿಟ್ಟು ಕೂತರು. ವಯಸ್ಸೆಷ್ಟಾಗಿತ್ತು ಎಂದು ಮಾವನನ್ನು ಹಿಂದಿಯಲ್ಲಿ ಕೇಳಿದರು. ನಮ್ಮ ಮಾವ ಮೇಷ್ಟ್ರಾಗಿದ್ದವರು, ಜನ್ಮದಲ್ಲಿ ಸುಳ್ಳು ಹೇಳಿದವರಲ್ಲ.

'ನೂರೊಂದು' ಎಂದರು.

ಸೆಕ್ರೆಟರಿ ಕೈ ಮುಗಿದರು. 'ಕಾರ್ಯ ಎಲ್ಲಿ?'

'ಊರಲ್ಲೇ, ಮಂಡ್ಯದ ಕಡೆ. ಜನ ತುಂಬಾ ಸೇರಿದ್ದರು.'

'ನಿಮಗೆ ಹೋಗಲಿಕ್ಕೆ ಆಗಲಿಲ್ಲವೇನೋ.'

'ಇಲ್ಲ, ಇಲ್ಲೇ ಕೂತು ನೋಡಿದೆವು' ಎಂದರು ಮಾವ. ಸೆಕ್ರೆಟರಿ ಟಿ.ವಿ. ಕಡೆ ನೋಡಿ, ಈಗ ವಿಡಿಯೋ ಕಾಲ್ ಇರುವುದು ಎಷ್ಟು ಅನುಕೂಲ ಅಲ್ವಾ ಎಂದು ನಿಟ್ಟುಸಿರು ಬಿಟ್ಟರು. ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಕ್ಕು ಬಂದೆ. ಮಾವನ ಮುಖದಲ್ಲಿ ಮಾತ್ರ ಒಂದು ಗೆರೆ ಅಲುಗಿರಲಿಲ್ಲ. ಗಡ್ಡಪ್ಪನಾದರೂ ಅಷ್ಟು ಸಲೀಸಾಗಿ ಮಾಡುತ್ತಿದ್ದನೋ ಇಲ್ಲವೋ.

ಸೆಕ್ರೆಟರಿ ಲಿಫ್ಟ್ ಹತ್ತಿದ್ದನ್ನು ಖಾತ್ರಿ ಮಾಡಿಕೊಂಡು ಅತ್ತೆ ಒಳಗಿನಿಂದ ಬಂದರು. ಕೈಯಲ್ಲಿ ಬಂಗುಡೆಯ ತಟ್ಟೆ.

'ಇದನ್ನು ಈಗ ಕಾಯಿಸಿದ್ರೆ ಪರಿಮಳ ಇಡೀ ಬಿಲ್ಡಿಂಗಿಗೆ ಹೋಗ್ತದೆ. ಇನ್ನು ಎಷ್ಟು ದಿನ ಸುಮ್ನಿರ್ಬೇಕು?'

ಮಾವ ಪೇಪರಿನಿಂದ ತಲೆ ಎತ್ತಲಿಲ್ಲ. 'ಹನ್ನೊಂದು ದಿನ. ಸಿನಿಮಾದಲ್ಲಿ ನೋಡಲಿಲ್ವಾ?'